ಬಿದ್ದವನು ಓಡಿ ಬರಬೇಕು

ಬೈಕ್ ಗೇಮಿನ ಮಾತು ಎದ್ದರೆ ಸಾಕು, ನಮ್ಮ ಪಾಗಾರದ ಆಚೆ ಈಚೆ ಎರಡೂ ಕಡೆ ದನಿ ಏರುತ್ತದೆ. ಹೊನ್ನಾವರದ ಈ ಓಣಿಯಲ್ಲಿ ಆಡುವವರಿಗೆ ಬರವಿಲ್ಲ. ಆಚೆ ಮನೆಯ ಹುಡುಗ ದಿನಾ ಕುಮಟೆಗೆ ಕಾಲೇಜಿಗೆ ಹೋಗಿಬರುವವ. ಅವನ ಪ್ರಕಾರ ಮೋಟೋಜಿಪಿ ಒಂದೇ ಗೇಮು, ಉಳಿದದ್ದೆಲ್ಲ ಮಕ್ಕಳಾಟಿಕೆ. ಭಟ್ಕಳದ ನನ್ನ ಗೆಳೆಯ ದುಬೈಯಲ್ಲಿದ್ದು ಬಂದವ. ಈ ಕಡೆ ಬಂದಾಗೆಲ್ಲ ಪಾಗಾರಕ್ಕೆ ಮೊಣಕೈ ಊರಿ ನಿಂತು ಜಿಟಿಎ ವೈಸ್ ಸಿಟಿ ಗೇಮಿನ ಪಿಸಿಜೆ-600 ಬೈಕನ್ನು ಹೊಗಳುತ್ತಾನೆ. ಅವನ ಹೊಗಳಿಕೆಗೆ ಕಾರಣವಿದೆ. 2001ರ ಜಿಟಿಎ ಮೂರರಲ್ಲಿ ಇಡೀ ಊರೇ ಇತ್ತು, ಬೈಕ್ ಮಾತ್ರ ಇರಲಿಲ್ಲ. ಮರುವರ್ಷ ವೈಸ್ ಸಿಟಿಯಲ್ಲಿ ಬೈಕ್ ಬಂತು. ಕಾರಿನಿಂದ ಇಳಿದು ಅದನ್ನು ಹತ್ತಿದ ಕೂಡಲೇ ಊರು ಬೇರೆಯದಾಗಿ ಕಾಣುತ್ತಿತ್ತು ಎನ್ನುತ್ತಾನೆ. ಅದು ನಿಜ.

ನನ್ನ ಅಳತೆ ಬೇರೆ. ಬೈಕ್ ಗೇಮ್ ಒಳ್ಳೆಯದೋ ಅಲ್ಲವೋ ಎಂದು ನೋಡಲು ನಾನು ಗೆದ್ದು ನೋಡುವುದಿಲ್ಲ, ಬಿದ್ದು ನೋಡುತ್ತೇನೆ. ಕಾರು ಗೋಡೆಗೆ ತಾಗಿದರೆ ತಗಡು ಮಡಚುತ್ತದೆ. ಒಳಗೆ ಕೂತವ ಕಾಣುವುದೂ ಇಲ್ಲ. ಬೈಕಿನಲ್ಲಿ ಮೈ ಹೊರಗೇ ಇದೆ. ಆ ಮೈಗೆ ಏನಾಗುತ್ತದೆ ಎಂಬ ಹೆದರಿಕೆ ಇಲ್ಲದಿದ್ದರೆ ಎರಡು ಗಾಲಿಯ ಗೇಮನ್ನು ಯಾಕಾದರೂ ಆಡಬೇಕು?

1984ರಲ್ಲಿ ನಿಂಟೆಂಡೋ ಮಾಡಿದ ಎಕ್ಸೈಟ್‌ಬೈಕ್ ಈ ಮಾತನ್ನು ಆಗಲೇ ಅರಿತಿತ್ತು. ನಮ್ಮ ಕಡೆ ಅದು ಬಂದದ್ದು ಟಿವಿಗೆ ಸಿಕ್ಕಿಸುವ ಅಗ್ಗದ ಗೇಮ್ ಡಬ್ಬಿಗಳಲ್ಲಿ, ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟಗಳ ನಡುವೆ. ದಿಬ್ಬದ ಮೇಲಿಂದ ತಪ್ಪಾಗಿ ಇಳಿದರೆ ಸವಾರ ಉರುಳಿ ರಸ್ತೆಯ ಅಂಚಿಗೆ ಹೋಗುತ್ತಿದ್ದ. ಆಮೇಲೆ ಗುಂಡಿಯನ್ನು ಪಟಪಟ ಒತ್ತಿದಷ್ಟೂ ಅವನು ಬೇಗ ಎದ್ದು ಬೈಕಿನ ಹತ್ತಿರ ಬರುತ್ತಿದ್ದ. ಬೀಳುವುದು ಆಟದ ಕೊನೆಯಾಗಿರಲಿಲ್ಲ, ಆಟದ ಇನ್ನೊಂದು ಭಾಗವಾಗಿತ್ತು.

ಆದರೆ ಈ ವಿಷಯದಲ್ಲಿ ರೋಡ್ ರ‍್ಯಾಶನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಅದನ್ನು 1991ರಲ್ಲಿ ಸೆಗಾ ಯಂತ್ರಕ್ಕೆ ಮಾಡಿತು. ನಾವು ಕಂಡದ್ದು 1996ರ ಕಂಪ್ಯೂಟರ್ ಆವೃತ್ತಿ, ಅದೂ ಸೈಬರ್ ಕೆಫೆಗಳಲ್ಲಿ, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು. ಆಡುವವನೊಬ್ಬ, ಬೆನ್ನ ಹಿಂದೆ ನಿಂತು "ಚೈನ್ ಕಸ್ಕೋ, ಚೈನ್ ಕಸ್ಕೋ" ಎಂದು ಕೂಗುವವರು ನಾಲ್ವರು. ಪಕ್ಕದ ಸವಾರನ ಕೈಯಿಂದ ಸರಪಳಿ ಕಿತ್ತುಕೊಂಡು ಅದರಲ್ಲೇ ಅವನಿಗೆ ಬಾರಿಸುವ ಆ ಗೇಮನ್ನು ಹೊಡೆದಾಟಕ್ಕಾಗಿ ನೆನೆಯುವವರೇ ಹೆಚ್ಚು. ನನಗೆ ನೆನಪಿರುವುದು ಬಿದ್ದ ಮೇಲಿನ ಓಟ. ಎದುರಿನ ಕಾರಿಗೆ ಗುದ್ದಿದರೆ ಸವಾರ ಒಂದು ಕಡೆ, ಬೈಕ್ ಇನ್ನೊಂದು ಕಡೆ. ಅವನು ಎದ್ದು ರಸ್ತೆಗುಂಟ ತನ್ನ ಬೈಕಿನ ಕಡೆ ಓಡಬೇಕು. ಓಡುವಾಗ ಇನ್ನೊಂದು ಕಾರು ಬಂದು ಮತ್ತೆ ಹಾರಿಸಬಹುದು. ಹತ್ತಿರದಲ್ಲಿ ಪೊಲೀಸ್ ಇದ್ದರೆ ಅಲ್ಲಿಗೇ ಮುಗಿಯಿತು. ಅಷ್ಟರಲ್ಲಿ ಹಿಂದೆ ಬಿಟ್ಟುಬಂದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋಗುತ್ತಾರೆ. ನೂರರ ವೇಗದಲ್ಲಿ ಸಣ್ಣದಾಗಿ ಕಂಡ ರಸ್ತೆ ಕಾಲಲ್ಲಿ ಓಡುವಾಗ ಎಷ್ಟು ಉದ್ದ ಎಂದು ಆ ಗೇಮ್ ತೋರಿಸಿಕೊಟ್ಟಿತು. ಅದನ್ನು ಮಾಡಿದವರಲ್ಲಿ ಯಾರೋ ಒಬ್ಬರಾದರೂ ನಿಜವಾಗಿ ಬೈಕಿನಿಂದ ಬಿದ್ದಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

"ಅದೆಲ್ಲ ಹಳೇ ಕಥೆ. ನನ್ನ ಗೇಮಲ್ಲಿ ಬಿದ್ರೆ ಹಿಂದೆ ತಿರುಗಿಸ್ಬಹುದು" ಎನ್ನುತ್ತಾನೆ ಹುಡುಗ. ಅವನು ಹೇಳುವುದು ಇಟಲಿಯ ಮೈಲ್‌ಸ್ಟೋನ್ ಕಂಪನಿಯ ಮೋಟೋಜಿಪಿ ಸರಣಿಯ ರಿವೈಂಡ್ ಬಗ್ಗೆ. ತಿರುವಿನಲ್ಲಿ ಜಾರಿದಿರೋ, ಒಂದು ಗುಂಡಿ ಒತ್ತಿ ಕೆಲವು ಕ್ಷಣ ಹಿಂದಕ್ಕೆ ಹೋಗಿ ಮತ್ತೆ ತಿರುಗಿಸಿ. ಆ ಗೇಮಿನ ಹೆಚ್ಚುಗಾರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದಿನ ಬ್ರೇಕು, ಹಿಂದಿನ ಬ್ರೇಕು ಬೇರೆಬೇರೆ ಹಿಡಿಯುವಂತೆ ಇಟ್ಟುಕೊಳ್ಳಬಹುದು. ಬೈಕ್ ವಾಲಿರುವಾಗ ಮುಂದಿನದನ್ನು ಜೋರಾಗಿ ಒತ್ತಿದರೆ ಗಾಲಿ ಜಾರಿಯೇ ಜಾರುತ್ತದೆ. ನಿಜವಾದ ಮೋಟೋಜಿಪಿ ಸವಾರರು ಅರವತ್ತು ಡಿಗ್ರಿಗೂ ಮೀರಿ ವಾಲುತ್ತಾರೆ, ಮೊಣಕೈ ನೆಲಕ್ಕೆ ತಾಗುವಷ್ಟು. ಅಲ್ಲಿ ಹಿಡಿತ ಎಷ್ಟು ತೆಳುವಾದದ್ದು ಎಂಬುದು ಆ ಗೇಮ್ ಆಡಿದವನ ಬೆರಳಿಗೆ ಗೊತ್ತಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬುದ್ಧ ಸರ್ಕ್ಯೂಟಿನಲ್ಲಿ ಭಾರತದ ಮೊದಲ ಮೋಟೋಜಿಪಿ ನಡೆದು ಮಾರ್ಕೊ ಬೆಝೆಕ್ಕಿ ಗೆದ್ದಾಗ, ಈ ಹುಡುಗ ಪ್ರತಿ ತಿರುವಿನಲ್ಲೂ ಬ್ರೇಕ್ ಎಲ್ಲಿ ಹಿಡಿಯಬೇಕೆಂದು ಟಿವಿಯ ಮುಂದೆ ನನಗೆ ವಿವರಿಸುತ್ತ ಕೂತಿದ್ದ. ಅಷ್ಟು ಕಲಿಸುವ ಗೇಮಿನಲ್ಲಿ ರಿವೈಂಡ್ ಗುಂಡಿ ನನಗೆ ಹಿಡಿಸುವುದಿಲ್ಲ. ಬಿದ್ದದ್ದೇ ಸುಳ್ಳಾದರೆ ವಾಲಿದ್ದಕ್ಕೆ ಏನು ಬೆಲೆ?

ಅದಕ್ಕಿಂತ ಫಿನ್‌ಲ್ಯಾಂಡಿನ ರೆಡ್‌ಲಿಂಕ್ಸ್‌ನವರು 2009ರಲ್ಲಿ ತಂದ ಟ್ರಯಲ್ಸ್ ಎಚ್‌ಡಿ ಪ್ರಾಮಾಣಿಕ. ಅಲ್ಲೂ ಒಂದು ಗುಂಡಿ ಒತ್ತಿದರೆ ಕ್ಷಣದಲ್ಲಿ ಮತ್ತೆ ಶುರು. ಆದರೆ ಬಿದ್ದದ್ದು ಲೆಕ್ಕಕ್ಕೆ ಸೇರುತ್ತದೆ, ಚಿನ್ನದ ಪದಕ ಕೈತಪ್ಪಬಹುದು.

ನಮ್ಮ ಮಾತು ಕಾವೇರುವುದು ಮೊಬೈಲಿನ ಟ್ರಾಫಿಕ್ ರೈಡರ್ ಬಂದಾಗ. ಟರ್ಕಿಯ ಸೋನರ್ ಕಾರಾ ಮಾಡಿದ ಗೇಮು. ಹ್ಯಾಂಡಲ್ ಹಿಡಿದ ಕೈ ಮಾತ್ರ ಕಾಣುವ ನೋಟ, ನಿಜವಾದ ಬೈಕುಗಳಿಂದ ಹಿಡಿದಿಟ್ಟ ಇಂಜಿನ್ ಸದ್ದು. ಕೂತರೆ ಏಳಲು ಮನಸ್ಸಾಗದು. ಅದರಲ್ಲಿ ಒಂದು ಚೆಂದ ಉಂಟು. ಫೋನನ್ನೇ ಎಡಕ್ಕೆ ಬಲಕ್ಕೆ ವಾಲಿಸಿ ಬೈಕ್ ತಿರುಗಿಸಬಹುದು. 1985ರಲ್ಲಿ ಯು ಸುಝುಕಿ ಸೆಗಾಕ್ಕೆ ಮಾಡಿದ ಹ್ಯಾಂಗ್-ಆನ್ ನೆನಪಾಗುತ್ತದೆ. ಅಲ್ಲಿ ಬೈಕಿನ ಆಕಾರದ ಯಂತ್ರದ ಮೇಲೆ ಕೂತು ಮೈಯನ್ನೇ ವಾಲಿಸಬೇಕಿತ್ತು. ಟ್ರಾಫಿಕ್ ರೈಡರನ್ನು ಗೇರುಸೊಪ್ಪೆ ಘಟ್ಟದ ಬಸ್ಸಿನಲ್ಲಿ ಕೂತು ಆಡಿ ನೋಡಿ. ಬಸ್ಸು ತಿರುಗಿದ ಎಳೆತವನ್ನೂ ಫೋನು ತನ್ನ ವಾಲಾಟವೆಂದೇ ಓದುತ್ತದೆ. ಡ್ರೈವರ್ ಒಂದು ತಿರುವು ತೆಗೆದರೆ ನಿಮ್ಮ ಬೈಕೂ ತಾನಾಗಿ ಒಂದು ಪಕ್ಕಕ್ಕೆ ಹೋಗುತ್ತದೆ!

ಆದರೆ ಅದರ ಅಂಕದ ಲೆಕ್ಕ ನನಗೆ ನೋವು ಕೊಡುತ್ತದೆ. ನೂರಕ್ಕಿಂತ ಹೆಚ್ಚಿನ ವೇಗದಲ್ಲಿ ಕಾರಿನ ಮೈ ಸವರಿ ದಾಟಿದರೆ ಹೆಚ್ಚುವರಿ ಅಂಕ. ಎದುರು ದಿಕ್ಕಿನಲ್ಲಿ, ಅಂದರೆ ರಾಂಗ್ ಸೈಡಿನಲ್ಲಿ ನುಗ್ಗಿದರೆ ಇನ್ನಷ್ಟು. ಭಟ್ಕಳದಿಂದ ಕುಮಟೆಯವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನಾ ಓಡಾಡುವವರಿಗೆ ರಾಂಗ್ ಸೈಡ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಡಿವೈಡರಿನ ಸಂದು ದೂರ ಇದೆಯೆಂದು ಎದುರಿನಿಂದಲೇ ಬರುವ ಸ್ಕೂಟರು, ಅದರ ಹಿಂದೆ ಮೀನಿನ ಪೆಟ್ಟಿಗೆ, ರಾತ್ರಿಯಾದರೆ ದೀಪವೂ ಅನುಮಾನ. ಅದಕ್ಕೆ ಅಂಕ ಕೊಡುವ ಆಟವನ್ನು ನಾನು ಮೆಚ್ಚಲಾರೆ. "ಗೇಮ್ ನೋಡಿ ಯಾರೂ ಹಂಗೆ ಹೊಡಿಯೂದಿಲ್ಲ" ಎಂದು ಹುಡುಗ ವಾದಿಸುತ್ತಾನೆ. ಇರಬಹುದು. ಆದರೂ ಆ ರಸ್ತೆಯಲ್ಲಿ ನಡೆದು ಹೋಗುವ ಒಬ್ಬ ಮನುಷ್ಯನೂ ಇಲ್ಲ, ಎದುರಿನ ಕಾರಿನಲ್ಲಿ ಯಾರಿದ್ದಾರೆಂದು ಕಾಣುವುದೂ ಇಲ್ಲ.

ಚಿಕ್ಕ ಮಕ್ಕಳ ಕೈಯಲ್ಲಿ ಈಗ ಇಂಡಿಯನ್ ಬೈಕ್ಸ್ ಡ್ರೈವಿಂಗ್ 3ಡಿ. ಗೇಮಿನ ಒಳಗಿನ ಫೋನಿನಲ್ಲಿ ನಂಬರ್ ಒತ್ತಿದರೆ ಬೇಕಾದ ಬೈಕ್ ಪ್ರತ್ಯಕ್ಷ. ಮಕ್ಕಳು ಆ ನಂಬರುಗಳನ್ನು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದಾರೆ. ಚಿತ್ರ ಒರಟು. ಆದರೂ ತಮ್ಮ ಅಪ್ಪ, ಮಾವ ಓಡಿಸುವಂಥ ಬೈಕು ಪರದೆಯ ಮೇಲೆ ಬಂದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಹಾಗಾದರೆ ನಮ್ಮ ರಸ್ತೆಯದೇ ಒಂದು ಗೇಮ್ ಯಾಕಾಗಬಾರದು ಎಂಬಲ್ಲಿಗೆ ಮೊನ್ನೆ ಮಾತು ಬಂತು. ರೋಡ್ ರ‍್ಯಾಶಿನವರು ಕ್ಯಾಲಿಫೋರ್ನಿಯಾದ ಕಡಲ ದಾರಿಯನ್ನು ನಮಗೆ ಬಾಯಿಪಾಠ ಮಾಡಿಸಿದರು. ನಮಗೇನು ಕಡಿಮೆ? ಭಟ್ಕಳದಿಂದ ಶಿರಾಲಿ, ಮುರ್ಡೇಶ್ವರ, ಮಂಕಿ, ಶರಾವತಿ ಸೇತುವೆ, ಅಲ್ಲಿಂದ ಉತ್ತರಕ್ಕೆ ಕರ್ಕಿ, ಹಳದೀಪುರ, ಕುಮಟೆ. ಇಲ್ಲವೇ ಪೂರ್ವಕ್ಕೆ ತಿರುಗಿ ಹೊಳೆಯ ಮಗ್ಗುಲಲ್ಲೇ ಗೇರುಸೊಪ್ಪೆ, ಘಟ್ಟ ಹತ್ತಿ ಮಾವಿನಗುಂಡಿ, ಜೋಗ. ಮಳೆ ಬೇಕೇ ಬೇಕು ಎಂದ ಭಟ್ಕಳದವ. ಮಳೆ ಹಾಕಿದರೆ ಬ್ರೇಕಿನ ಲೆಕ್ಕವೇ ಬದಲು ಎಂದು ಹುಡುಗನ ಕಣ್ಣು ಮಿನುಗಿತು. ದಾರಿಗೆ ಸಿಂಗಳೀಕ ಅಡ್ಡ ಬರಬೇಕು ಎಂದು ಅವನ ಅಮ್ಮ ಒಳಗಿನಿಂದಲೇ ಸೇರಿಸಿದರು.

"ಬಿದ್ರೆ?" ಎಂದೆ.

"ರಿವೈಂಡ್."

"ಓಡಿ ಬರ್ಬೇಕು" ಎಂದ ಭಟ್ಕಳದವ.

ನನಗೆ ಇನ್ನೊಂದು ಹೊಳೆಯಿತು. ಈ ಎಲ್ಲ ಗೇಮುಗಳಲ್ಲಿ ಬಿದ್ದವನು ಒಬ್ಬನೇ ಏಳುತ್ತಾನೆ. ನಮ್ಮ ಘಟ್ಟದಲ್ಲಿ ಯಾರಾದರೂ ಬಿದ್ದರೆ ಲಾರಿ ನಿಲ್ಲುತ್ತದೆ, ಬಸ್ಸಿನಿಂದ ನಾಲ್ಕು ಜನ ಇಳಿಯುತ್ತಾರೆ, ಒಬ್ಬ ಬೈಕ್ ಎತ್ತಿದರೆ ಇನ್ನೊಬ್ಬ ನೀರು ಕೊಡುತ್ತಾನೆ. ಹಾಗೆ ನೆರವಾದವರಿಗೆ ತೊಂದರೆಯಾಗಬಾರದೆಂದು ಕರ್ನಾಟಕ ಕಾಯ್ದೆಯನ್ನೇ ಮಾಡಿದೆ. ಗೇಮಿನಲ್ಲಿ ಅದು ಬರಲಿ. ಬಿದ್ದವನನ್ನು ಎತ್ತಲು ನಿಂತ ಸವಾರನಿಗೆ ಅಂಕ ಸಿಗಲಿ, ರಾಂಗ್ ಸೈಡಿನವನಿಗಿಂತ ಹೆಚ್ಚು.

"ನಿಂತ್ರೆ ರೇಸ್ ಸೋಲ್ತಾನಲ್ಲ!" ಎಂದ ಹುಡುಗ.

"ಸೋಲೂದಿಲ್ಲ. ಅವ ನಿಂತಷ್ಟು ಹೊತ್ತು ಅವನ ಗಡಿಯಾರ ನಿಲ್ಲಿಸು" ಎಂದ ಭಟ್ಕಳದವ.

ಹಾಗೆ ನಿಲ್ಲಿಸಿದರೆ ಬೇಕೆಂದೇ ನಿಂತು ಸುಧಾರಿಸಿಕೊಳ್ಳುತ್ತಾರೆ ಎಂದು ಹುಡುಗ. ಎತ್ತಿ ಕೂರಿಸುವವರೆಗೆ ಮಾತ್ರ ಎಂದು ಭಟ್ಕಳದವ. ಇದಿನ್ನೂ ಬಗೆಹರಿದಿಲ್ಲ.