ಶ್ರೀ ಪುಶ್ ಬಟನ್ ಅವರಿಗೆ ಬಿನ್ನವತ್ತಳೆ

ಕಾರಿನ ಅಲಾರಂ ಸೈರನ್ನಿಗೆ ತಂತಿ ಎಳೆದು ಜೋಡಿಸಿದ ಪುಶ್ ಬಟನ್ ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಮಕ್ಕಳ ಕೈಗೆ ಎಟುಕದ ಮೂಲೆಯಲ್ಲಿ ವಾಸವಾಗಿರುವ ಮಹನೀಯರು. ಕುಲದಲ್ಲಿ ಕಾಲಿಂಗ್ ಬೆಲ್ ಸ್ವಿಚ್ಚಿನ ದಾಯಾದಿ. ಒತ್ತಿದಷ್ಟು ಹೊತ್ತು ಕೂಗಿಸುವುದು, ಬೆರಳೆತ್ತಿದೊಡನೆ ಸುಮ್ಮನಾಗುವುದು ಇವರ ಹುಟ್ಟುಗುಣ. ಸನ್ಮಾನದ ವೇದಿಕೆಗಳಲ್ಲಿ ಈ ಗುಣ ಕಾಣಸಿಗದ ಕಾರಣಕ್ಕೇ ಈ ಬಿನ್ನವತ್ತಳೆ.

ಸೈರನ್ನಿಗೆ ಸ್ವಂತ ಬುದ್ಧಿಯಿಲ್ಲ. ಮಡಿಕೇರಿಯ ಮಳೆಗೆ ಬಾಗಿಲಿನ ಸ್ವಿಚ್ ಒದ್ದೆಯಾದರೆ ಅರಚುತ್ತದೆ. ಬಾನೆಟ್ಟಿನ ಮೇಲೆ ಕಿತ್ತಳೆ ಉದುರಿದರೂ ಅರಚುತ್ತದೆ. ಸಿದ್ದಾಪುರ, ಅಮ್ಮತ್ತಿ ಕಡೆಯ ಕಾಫಿ ತೋಟಕ್ಕೆ ಹಲಸಿನ ವಾಸನೆ ಹಿಡಿದು ಆನೆ ಬಂದಾಗ ಮಾತ್ರ ತೆಪ್ಪಗಿರುತ್ತದೆ, ಆನೆ ಕಾರನ್ನು ಮುಟ್ಟಿಲ್ಲವಲ್ಲ! ತೋಟದ ಲೈನ್‌ಮನೆಗಳ ಕಾರ್ಮಿಕರು ಬೆಳಗ್ಗೆ ಬಾಗಿಲು ತೆರೆದು ಹೊರಡುವ ಮೊದಲೇ ಎಚ್ಚರಿಸುವ ಕೆಲಸ ಬೆರಳಿಗೇ ಬೀಳುತ್ತದೆ. ಆ ಬೆರಳಿಗೂ ಸೈರನ್ನಿಗೂ ನಡುವೆ ನಿಂತವರೇ ಶ್ರೀಯುತರು.

ಈ ಸಾಧನೆಯ ಹಿಂದೆ ತೆರೆಮರೆಯ ಬಳಗವೊಂದಿದೆ. 20 ವಾಟಿನ ಸೈರನ್ 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್ ಕುಡಿಯುತ್ತದೆ. ಅಷ್ಟು ಕರೆಂಟು ನೇರವಾಗಿ ಹರಿದರೆ ಸಣ್ಣ ಬಟನ್ನಿನ ಪಾಯಿಂಟು ಬೇಗ ಸುಟ್ಟು ಕರಕಲಾಗುತ್ತದೆ. ಆದ್ದರಿಂದ ಭಾರ ಹೊರುವವನು ರಿಲೇ. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ತಂತಿ ಒಂದು ಗೇಣು ದಾಟುವುದರೊಳಗೆ 5 ಆಂಪಿಯರ್ ಫ್ಯೂಸನ್ನು ಹಾದು ರಿಲೇಯ 30ನೇ ಕಾಲಿಗೆ ಬರುತ್ತದೆ. 87ರಿಂದ ಸೈರನ್ನಿನ ಕೆಂಪು ತಂತಿ. ಅದೇ ಫ್ಯೂಸಿನಾಚೆಯಿಂದ ಕವಲೊಡೆದ ಇನ್ನೊಂದು ತಂತಿ ಬಟನ್ ಮೂಲಕ 86ಕ್ಕೆ. 85 ಮತ್ತು ಸೈರನ್ನಿನ ಕಪ್ಪು ತಂತಿ ಬಾಡಿಗೆ, ಅಂದರೆ ಅರ್ತ್‌ಗೆ. ಅಲ್ಲಿ ಪೇಂಟು ಕೆರೆದು ತಗಡು ಹೊಳೆಯುವಂತೆ ಮಾಡದಿದ್ದರೆ ಸೈರನ್ ನೆಗಡಿ ಹಿಡಿದವರಂತೆ ಕೊರಗುತ್ತದೆ. ಅಲಾರಂ ಪೆಟ್ಟಿಗೆಯಿಂದ ಬರುವ ಹಳೆಯ ತಂತಿಗೆ ಒಂದು ಡಯೋಡ್ ಸೇರಿಸಿ, ಅದರ ಪಟ್ಟೆಯಿರುವ ತುದಿಯನ್ನು ಸೈರನ್ನಿನ ಕಡೆ ತಿರುಗಿಸಬೇಕು. ಇಲ್ಲವಾದರೆ ಬಟನ್ ಒತ್ತಿದಾಗ ಕರೆಂಟು ಹಿಮ್ಮುಖವಾಗಿ ಹೋಗಿ ಪೆಟ್ಟಿಗೆಯನ್ನೇ ಕೆಡಿಸೀತು. ಸೈರನ್ನಿನ ಬಾಯಿ ಕೆಳಮುಖವಾಗಿರಬೇಕು. ಕೊಡಗಿನಲ್ಲಿ ಆಕಾಶ ನೋಡುವ ಸೈರನ್ ಆಷಾಢದ ಹೊತ್ತಿಗೆ ನೀರಿನ ಚೊಂಬು.

ಕೀರ್ತಿಗೂ ಮಿತಿಯಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 119ನೇ ನಿಯಮ ಬಗೆಬಗೆಯ ಸ್ವರದ ಹಾರನ್‌ಗಳನ್ನೂ ಕರ್ಕಶವಾಗಿ ಸದ್ದು ಮಾಡುವ ಇತರ ಸಾಧನಗಳನ್ನೂ ನಿಷೇಧಿಸಿ, ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದ ವಾಹನಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಶ್ರೀಯುತರ ಸೇವೆ ತೋಟದ ಗೇಟಿನೊಳಗೇ ಸಲ್ಲತಕ್ಕದ್ದು. ಕುಶಾಲನಗರದ ಟ್ರಾಫಿಕ್ಕಿನಲ್ಲಿ ದಾರಿ ಬಿಡಿಸುವುದಕ್ಕಲ್ಲ. ಆನೆಯ ಎದುರಿಗೇ ಕಾರು ಸಿಕ್ಕಿಬಿದ್ದಾಗಲಂತೂ ಅವರು ಮೌನವ್ರತ ಹಿಡಿಯಬೇಕು. ಬೆದರಿದ ಆನೆ ಸದ್ದಿನತ್ತಲೇ ನುಗ್ಗಬಹುದು.

ಇನ್ನು ಸನ್ಮಾನ. ಶಾಲು ಹೊದಿಸುವಂತಿಲ್ಲ, ಅದರ ಭಾರಕ್ಕೆ ಗುಂಡಿ ಅದುಮಿಕೊಂಡೀತು. ಪೇಟಕ್ಕೆ ತಲೆಯಿಲ್ಲ. ಕೊಡವರ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಮುಡಿಸುವ ತೋಕ್ ಪೂವಿನಲ್ಲಿ ಒಂದು ಎಸಳನ್ನು ಪಕ್ಕದ ತಂತಿಗೆ ಸಿಕ್ಕಿಸಿದರೆ ಗೌರವ ಸಂದಂತೆ. ಅಧ್ಯಕ್ಷರ ಭಾಷಣ ಮುಗಿಯುವವರೆಗೆ ಫ್ಯೂಸು ಅಧ್ಯಕ್ಷರ ಜೇಬಿನಲ್ಲೇ ಇರತಕ್ಕದ್ದು.