ಹುದ್ದೆಗೆ ಬಡ್ತಿ, ಹಲಗೆಗೆ ರಜೆ

ಶರಣೆ ನೀಲಾಂಬಿಕೆಯ ಐಕ್ಯಸ್ಥಳವೆಂದು ಹೆಸರಾದ, ಮುದ್ದೇಬಿಹಾಳ ಸೀಮೆಯ ತಂಗಡಗಿಯ ಕೃಷ್ಣಾ ತೀರದಲ್ಲಿ ಇಬ್ಬರು ಕಲ್ಪಿತ ಪ್ರಾಧ್ಯಾಪಕರು, ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠವೇದಿಕೆ ‘ಸ್ವಯಂ’ಗೆ 2018ರಲ್ಲಿ ಸೇರಿದ ‘ಅರ್ಪಿತ್’, ಅಂದರೆ ಅಧ್ಯಾಪಕರ ಪುನಶ್ಚೇತನ ತರಬೇತಿಯನ್ನು ಕುರಿತು ಸಂವಾದಿಸಿದರು.

“ಸರ್, ತರಬೇತಿ ಮುಗೀತೇನ್ರಿ?”

“ಮುಗೀತ್ರೀ. ವಿಡಿಯೋ ಹಚ್ಚಿಟ್ಟು ಊಟಕ್ಕ ಕುಂತೆ. ಅದರ ಪಾಡಿಗೆ ಅದು ಕಲಿಸಿತು.”

“ಕಲಿತವರು ಯಾರ್ರಿ?”

“ಮೊಬೈಲು.”

“ಮತ್ತ ಪರೀಕ್ಷೆ?”

“ಹಿಂದಿನ ರಾತ್ರಿ ಓದಿದೆ, ನಮ್ಮ ಹುಡುಗರ ಹಾಂಗ.”

“ಹಾಂಗಾದ್ರ ಇನ್ನ ಸ್ಮಾರ್ಟ್ ಬೋರ್ಡ್ ಮ್ಯಾಲೇ ಪಾಠ ಅನ್ರಿ!”

“ನಿನ್ನೆ ಸೀಮೆಸುಣ್ಣ ಹಿಡಿದು ಅದರ ಮ್ಯಾಲ ಬರದೆ, ಅಕ್ಷರ ಮೂಡಲಿಲ್ಲ. ಬೋರ್ಡ್ ಕೆಟ್ಟೈತಿ ಅಂತ ಪ್ರಾಚಾರ್ಯರಿಗೆ ಅರ್ಜಿ ಕೊಟ್ಟೀನಿ.”

ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಬಡ್ತಿಯ ಲೆಕ್ಕಕ್ಕೆ ಹಿಡಿಯಲಾದ ಈ ತರಬೇತಿಯು ಪ್ರಾಧ್ಯಾಪಕರನ್ನು ಚೆನ್ನಾಗಿಯೇ ಮೇಲೇರಿಸಿತು. ಪಾಠ ಮಾತ್ರ ಇದ್ದಲ್ಲಿಯೇ ಇದೆ.