ಸಸ್ಯಪಾಕಗ್ರಂಥ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾಗಿರುವುದರಿಂದಲೂ, ಅಡಿಗೆಯ ಪುಸ್ತಕಗಳನ್ನು ಬರೆಯುವವರು ಆ ಕಟ್ಟಳೆಯನ್ನು ಕೈಬಿಟ್ಟು ಮೊದಲ ಸಾಲಿನಲ್ಲಿಯೇ ಈರುಳ್ಳಿ ಹೆಚ್ಚಲು ಹೇಳಿಬಿಡುವುದರಿಂದಲೂ, ಆ ಲೋಪವನ್ನು ತುಂಬುವ ಭಾರವು ಒಲೆಯ ಹತ್ತಿರ ಸುಳಿಯಲು ಮನೆಯವರ ಅಪ್ಪಣೆಯಿಲ್ಲದ ನಮ್ಮಂಥ ವಿದ್ವಾಂಸರ ಮೇಲೆ ಬಿದ್ದಿದೆ. ವಿಷಯವೆಂದರೆ, ಮಾಂಸ ಮೊಟ್ಟೆಗಳನ್ನಲ್ಲದೆ ಹಾಲು ಮೊಸರು ತುಪ್ಪಗಳನ್ನೂ ವರ್ಜಿಸಿ, ಕೇವಲ ಸಸ್ಯಜನ್ಯ ಪದಾರ್ಥಗಳಿಂದ ಪಾಕವನ್ನು ಸಾಧಿಸುವೆವೆಂದು ಪ್ರತಿಜ್ಞೆಗೈಯುವ ಗ್ರಂಥಗಳು. ಪ್ರಯೋಜನವೆಂದರೆ ಹೊತ್ತಿಗೆ ಸರಿಯಾಗಿ ಊಟ. ಸಂಬಂಧವೆಂದರೆ ಪುಸ್ತಕಕ್ಕೂ ಒಲೆಗೂ ನಡುವೆ ಇರತಕ್ಕ, ಒಂದು ಮೊಳಕ್ಕೆ ಕಡಮೆಯಾಗದ ಅಂತರ. ಇವು ಮೂರೂ ಸುಲಭ. ಗಂಟಲಿಗೆ ಸಿಕ್ಕಿಕೊಳ್ಳುವುದು ಅಧಿಕಾರಿ.

ಇಲ್ಲಿ ಪೂರ್ವಪಕ್ಷಿಯು ಹೇಳುವುದೇನೆಂದರೆ: ಅಡಿಗೆ ಬಲ್ಲವರಿಗೆ ಪುಸ್ತಕ ಬೇಡ, ಅರಿಯದವರಿಗೆ ಪುಸ್ತಕ ತಿಳಿಯದು, ಆದಕಾರಣ ಈ ಶಾಸ್ತ್ರಕ್ಕೆ ಅಧಿಕಾರಿಯೇ ಇಲ್ಲ. ಹೊಳಲ್ಕೆರೆಯ ಅಜ್ಜಿಯ ಮುಂದೆ ಹುರುಳಿಸಾರಿನ ವಿಧಾನವನ್ನು ಓದಿದರೆ ಆಕೆ ನಗುವಳು. ಆಕೆಯ ಮೊಮ್ಮಗನ ಮುಂದೆ ಓದಿದರೆ, ಹುರುಳಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕಿತ್ತೆಂಬ ಸಂಗತಿ ಅವನಿಗೆ ಮರುದಿನ ಮಧ್ಯಾಹ್ನ ತಿಳಿಯುವುದು. ಇದಕ್ಕೆ ಸಿದ್ಧಾಂತಿಯ ಸಮಾಧಾನವಿದು: ಇವರಿಬ್ಬರಲ್ಲದೆ ಮೂರನೆಯದೊಂದು ವರ್ಗವುಂಟು. ಹಿರಿಯೂರಿನಲ್ಲಿ ಉಂಡು ಬೆಳೆದು, ಬೆಂಗಳೂರಿನ ಬಾಡಿಗೆಮನೆಯಲ್ಲಿ ಒಲೆ ಹೂಡಿ, ಸಾರಿನ ರುಚಿಯನ್ನು ನಾಲಗೆಯಲ್ಲಿ ಉಳಿಸಿಕೊಂಡು ಅದರ ಕ್ರಮವನ್ನು ಮಾತ್ರ ತಾಯಿಯ ಮನೆಯಲ್ಲಿಯೇ ಮರೆತುಬಂದವರೇ ಆ ವರ್ಗದವರು. ನಾಲಗೆ ಬಲ್ಲದು, ಕೈ ಅರಿಯದು. ಇಂಥವರೇ ಮುಖ್ಯಾಧಿಕಾರಿಗಳು, ಉಳಿದವರು ಚಿತ್ರ ನೋಡುವುದಕ್ಕೆ ಮಾತ್ರ ಅಧಿಕಾರಿಗಳು.

ಇನ್ನು ಗ್ರಂಥಪರಂಪರೆಯ ವಿಚಾರ. ಕನ್ನಡದಲ್ಲಿ ಅಡಿಗೆಯನ್ನು ಅಕ್ಷರಕ್ಕೆ ಇಳಿಸುವ ಕಾರ್ಯ ನಿನ್ನೆ ಮೊನ್ನೆಯದಲ್ಲ. 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಮಳೆ, ಬೆಳೆ, ವೈದ್ಯಗಳೊಡನೆ ಸೂಪಶಾಸ್ತ್ರಕ್ಕೂ ಸ್ಥಾನವುಂಟು. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನಾದರೋ ‘ಸೂಪಶಾಸ್ತ್ರ’ವೆಂಬ ಸ್ವತಂತ್ರ ಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದು, ಜೈನನಾದ್ದರಿಂದ ಮಾಂಸದ ಸುದ್ದಿಯನ್ನೇ ಎತ್ತದೆ, ಬದನೆ ಬಾಳೆ ಹಲಸುಗಳನ್ನು ಬಗೆಬಗೆಯಾಗಿ ಬೇಯಿಸಿದನು. ಈ ಛಂದೋಬದ್ಧ ಪಾಕದ ಮಹತ್ತ್ವವನ್ನು ಪಂಡಿತರು ಇನ್ನೂ ಸರಿಯಾಗಿ ಗ್ರಹಿಸಿಲ್ಲವೆಂಬುದು ನಮ್ಮ ವಿನಮ್ರ ಅಭಿಪ್ರಾಯ. ಗಡಿಯಾರವಿಲ್ಲದ ಅಡಿಗೆಮನೆಯಲ್ಲಿ ಆರು ಸಾಲಿನ ಪದ್ಯವನ್ನು ರಾಗವಾಗಿ ಹಾಡಿ ಮುಗಿಸುವಷ್ಟರಲ್ಲಿ ಒಗ್ಗರಣೆಯ ಸಾಸಿವೆ ಸಿಡಿದು ಮುಗಿದಿರುತ್ತದೆ. ಈಗಿನ ಗದ್ಯಗ್ರಂಥಗಳಿಗೆ ಈ ಸೌಕರ್ಯ ಎಲ್ಲಿಯದು? ದ್ವಿತೀಯಾಕ್ಷರ ಪ್ರಾಸದ ಒತ್ತಾಯಕ್ಕಾಗಿ ಎಲ್ಲಾದರೂ ಒಂದು ಪದಾರ್ಥವು ಅಧಿಕವಾಗಿ ಬಿದ್ದಿದ್ದರೆ ಅದನ್ನು ಕವಿಸಮಯವೆಂದು ಭಾವಿಸಿ ಉಣ್ಣತಕ್ಕದ್ದು. ಆದರೆ ಮಂಗರಸನು ಹಾಲುತುಪ್ಪಗಳನ್ನು ಬಿಟ್ಟವನಲ್ಲ. ಅವನ್ನೂ ಬಿಡುವವರ ಸಂಘವೊಂದು ಇಂಗ್ಲೆಂಡಿನಲ್ಲಿ 1944ರಲ್ಲಿ ಹುಟ್ಟಿತು; ಈಗ ಪೇಟೆಯಲ್ಲಿ ದೊರೆಯುವ ನುಣುಪು ಕಾಗದದ ಗ್ರಂಥಗಳು ಆ ಶಾಖೆಯವು.

ಪ್ರಾಮಾಣ್ಯವಿಚಾರಕ್ಕೆ ಬರೋಣ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುವರು. ಪುಸ್ತಕವು ಶಬ್ದಪ್ರಮಾಣ. ಶಬ್ದವೋ ಆಪ್ತನ ಉಪದೇಶವಾದರೆ ಮಾತ್ರ ಪ್ರಮಾಣ. ಹಾಗಾದರೆ ಮುದ್ದೆಯ ವಿಷಯದಲ್ಲಿ ಆಪ್ತರು ಯಾರು? ನಾವು ನೋಡಿದ ಒಂದು ಗ್ರಂಥದಲ್ಲಿ ‘ಕುದಿಯುವ ನೀರಿಗೆ ರಾಗಿಹಿಟ್ಟನ್ನು ಹಾಕಿ ಬಿಡದೆ ತಿರುವುತ್ತಿರಿ’ ಎಂಬ ಅಭಿಪ್ರಾಯವುಳ್ಳ ವಾಕ್ಯವಿದ್ದಿತು. ಇದನ್ನು ಹೊಸದುರ್ಗದ ಕಡೆಯ ಒಬ್ಬ ಅಜ್ಜಿಗೆ ಓದಿ ಹೇಳಲಾಗಿ, ಆಕೆ, “ಅದು ಗೋಡೆಗೆ ಪೋಸ್ಟರ್ ಅಂಟಿಸಾಕೆ ಆಗ್ತೈತೆ ಕಣಪ್ಪ, ಉಣ್ಣಾಕಲ್ಲ” ಎಂದು ತೀರ್ಪಿತ್ತರು. ವಾಸ್ತವದಲ್ಲಿ ಎಸರು ಮರಳುವಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ಒಂದು ತೂತು ಮಾಡಿ, ಆ ತೂತಿನಿಂದ ನೀರು ಬುಳುಬುಳು ಉಕ್ಕಿ ಹಿಟ್ಟಿನ ನೆತ್ತಿಯನ್ನು ತೋಯಿಸುವವರೆಗೆ ಏನನ್ನೂ ಮಾಡದೆ ನಿಲ್ಲಬೇಕು. ಬೆಂದ ವಾಸನೆ ಬಂದಮೇಲೆ ಪಾತ್ರೆಯನ್ನು ಇಳಿಸಿ, ಅಲುಗದಂತೆ ಅದುಮಿ ಹಿಡಿದು, ಗಂಟು ಉಳಿಯದಂತೆ ಕೋಲಿನಿಂದ ತಿರುವಿ, ಮಣೆಯ ಮೇಲೆ ಕೈಗೆ ತಣ್ಣೀರು ಮುಟ್ಟಿಸಿಕೊಳ್ಳುತ್ತ ಬಿಸಿಯಲ್ಲಿಯೇ ಕಟ್ಟಬೇಕು. ಏನನ್ನೂ ಮಾಡದಿರುವುದು ಒಂದು ಕ್ರಿಯೆಯೆಂಬ ಈ ಸೂಕ್ಷ್ಮವನ್ನು ಪುಸ್ತಕ ಬರೆಯುವವರು ಬರೆಯಲಾರರು, ಏಕೆಂದರೆ ಅದಕ್ಕೆ ಚಿತ್ರ ತೆಗೆಯುವಂತಿಲ್ಲ.

ಬಸ್ಸಾರಿನ ವಿಷಯವು ಇನ್ನೂ ಗಹನ. ಬೇಳೆಯನ್ನೋ ಕಾಳನ್ನೋ ಸೊಪ್ಪಿನೊಡನೆ ಬೇಯಿಸಿ ಕಟ್ಟನ್ನು ಬಸಿದು, ಬೆಂದದ್ದರಲ್ಲಿ ಒಂದು ಹಿಡಿಯನ್ನು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿಯೊಡನೆ ರುಬ್ಬಿ ಕಟ್ಟಿಗೆ ಕೂಡಿಸಿದರೆ ಸಾರು. ಮಿಕ್ಕುದಕ್ಕೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಪಾತ್ರೆಯಿಂದ ಹುಟ್ಟಿದ ಇವೆರಡೂ ಒಂದೇ ಎಂಬುದು ಗೃಹಿಣಿಯ ಅದ್ವೈತ. ಎರಡೆಂದು ಎಣಿಸಿ ‘ನೂರು ಬಗೆಯ ಅಡಿಗೆ’ಯ ಲೆಕ್ಕವನ್ನು ಭರ್ತಿಮಾಡುವುದು ಪ್ರಕಾಶಕನ ದ್ವೈತ. ನಾವಂತೂ ಎರಡನ್ನೂ ಉಣ್ಣುವ ಪಕ್ಷ. ಬೆರಕೆಸೊಪ್ಪಿಗೆ ಬಂದರೆ ಶಾಸ್ತ್ರವೇ ಕೈಚೆಲ್ಲುತ್ತದೆ. ಮಳೆ ಬಿದ್ದು ಕೆಲವು ದಿನ ಕಳೆದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ, ಗೋಣಿ, ಹೊನಗೊನ್ನೆ, ಯಾವುದು ಎಷ್ಟು ಚಿಗುರಿದೆಯೋ ಅಷ್ಟನ್ನು ಮಡಿಲಿಗೆ ಹಾಕಿಕೊಂಡು ಬರುವುದೇ ಅದರ ಪ್ರಮಾಣ. ಅದನ್ನು ‘200 ಗ್ರಾಂ ಮಿಶ್ರ ಸೊಪ್ಪು’ ಎಂದು ಬರೆಯುವುದು ಮಳೆರಾಯನಿಗೆ ಅಪ್ಪಣೆ ಕೊಡಿಸಿದಂತೆ. ಚಿತ್ರದುರ್ಗದ ಸೀಮೆಯಲ್ಲಿ ಮಳೆರಾಯನು ಯಾರ ಅಪ್ಪಣೆಯನ್ನೂ ಕೇಳಿದ ದಾಖಲೆಯಿಲ್ಲ.

ಈ ಸೀಮೆಯವರು ಸಸ್ಯಾಹಾರದ ಕಡೆ ವಾಲಿದ್ದು ಯಾವ ವಾದವನ್ನೂ ಓದಿಯಲ್ಲ. ಮನೆತನದ ಆಚಾರದಿಂದಲೋ ಮಠದ ಸಂಪರ್ಕದಿಂದಲೋ ಬಿಟ್ಟವರು ಕೆಲವರು. ಮಿಕ್ಕವರಿಗೆ ಬಾಡೂಟವೆಂಬುದು ಹಬ್ಬಕ್ಕೆ, ಜಾತ್ರೆಗೆ, ಅಳಿಯ ಬಂದಾಗ. ದಿನನಿತ್ಯಕ್ಕೆ ರಾಗಿ, ಹುರುಳಿ, ಅವರೆ, ಸಾವೆ, ಶೇಂಗಾ ಇವೇ ಗತಿಯೂ ಮತಿಯೂ. ಸಿರಿಗೆರೆ ಸಾಣೇಹಳ್ಳಿಗಳ ದಾಸೋಹದಲ್ಲಿ ಸಾವಿರಾರು ಜನಕ್ಕೆ ಬೇಯಿಸುವವರ ಕೈಯಲ್ಲಿ ಸೌಟಿರುವುದನ್ನು ಕಾಣಬಹುದೇ ಹೊರತು ಪುಸ್ತಕವನ್ನಲ್ಲ. ಪಾಕೋಪಕರಣಗಳ ಚರಿತ್ರೆಯಲ್ಲಿಯೂ ದುರ್ಗದ್ದು ಪ್ರಥಮ ಪೀಠವೆಂಬುದನ್ನು ಪ್ರಸಂಗವಶಾತ್ ಸ್ಮರಿಸಬೇಕು: ಓಬವ್ವೆಯ ಒನಕೆಗಿರುವ ಕೀರ್ತಿ ಯಾವ ದೇಶದ ಯಾವ ಮಿಕ್ಸರಿಗಿದೆ? ಆಕೆಯ ಗಂಡನು ಉಣ್ಣುತ್ತಿದ್ದ ಹೊತ್ತಿನಲ್ಲಿ ಆಕೆ ನೀರಿಗೆ ಹೋದಳೆಂದು ಹೇಳುವ ಕಥೆಗಾರರು, ಅವನು ಉಂಡದ್ದೇನೆಂಬುದನ್ನು ಮಾತ್ರ ಹೇಳದೆ ಈ ಶಾಸ್ತ್ರಕ್ಕೆ ತುಂಬಲಾರದ ನಷ್ಟವನ್ನುಂಟುಮಾಡಿದ್ದಾರೆ.

ಒಂದು ಕಡೆ ಮಾತ್ರ ನವೀನ ಗ್ರಂಥಗಳ ಪಕ್ಷಕ್ಕೆ ಜಯವನ್ನು ಕೊಡದೆ ವಿಧಿಯಿಲ್ಲ. ಹಾಲಿಗೆ ಪ್ರತಿಯಾಗಿ ಬಾದಾಮಿಯ ಹಾಲು, ಪನೀರಿಗೆ ಪ್ರತಿಯಾಗಿ ತೋಫು ಎಂದು ಅವು ವಿಧಿಸುವುದನ್ನು ಪಟ್ಟಿ ಮಾಡಿಕೊಂಡು ಹೊಳಲ್ಕೆರೆಯ ಸಂತೆಗೆ ಹೋದವನು ಬರಿಯ ಚೀಲದೊಡನೆ ಹಿಂತಿರುಗುವನೆಂಬುದು ದಿಟ. ಆದರೆ ಅದೇ ಗ್ರಂಥದ ಒಂದು ಮೂಲೆಯಲ್ಲಿ, ಶೇಂಗಾವನ್ನು ನೆನೆಸಿ ರುಬ್ಬಿ ಸೋಸಿ ಹಾಲು ತೆಗೆಯುವ ಕ್ರಮವನ್ನು ಹೇಳಿರುವುದುಂಟು. ನೆರೆಯ ಚಳ್ಳಕೆರೆಯು ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರಾದ ಊರಾಗಿದ್ದರೂ, ಶೇಂಗಾದ ಹಾಲನ್ನು ಹೆಪ್ಪುಹಾಕಿ ಮಜ್ಜಿಗೆ ಕಡೆಯಬಹುದೆಂಬ ವಿಚಾರ ನಮ್ಮ ಅಜ್ಜಿಯರಿಗೆ ಹೊಳೆದಿರಲಿಲ್ಲ. ಹಾಲು ಸಲ್ಲದ ಹೊಟ್ಟೆಯವರಿಗೆ ಇದು ನಿಜವಾದ ಉಪಕಾರ. ಮಜ್ಜಿಗೆಯಿಲ್ಲದೆ ಕೈ ತೊಳೆಯಲೊಪ್ಪದ ನಮ್ಮಂಥವರು ಇದನ್ನು ಸಂಶಯದಿಂದಲೇ ಕುಡಿದು, ಎರಡನೆಯ ಲೋಟವನ್ನೂ ಕೇಳಿದೆವೆಂಬುದನ್ನು ಪ್ರಾಮಾಣಿಕತೆಗಾಗಿ ದಾಖಲಿಸಿದ್ದೇವೆ.

ಕಡೆಯದಾಗಿ ಪರೀಕ್ಷಾವಿಧಾನ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಬಂದಾಗ ಶ್ರೀರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಗೆ ಮನ್ನಣೆ ಕೊಟ್ಟನಷ್ಟೆ. ಇದೇ ನ್ಯಾಯವನ್ನು ಅನುಸರಿಸಿ, ಪುಸ್ತಕವನ್ನು ಆರು ತಿಂಗಳ ಕಾಲ ಸಾರಿನಪುಡಿಯ ಡಬ್ಬಿಯ ಪಕ್ಕದಲ್ಲಿ ಸೆರೆಯಿಡತಕ್ಕದ್ದು. ಹೆಚ್ಚಿನವು ಮೊದಲ ವಾರ ಒಮ್ಮೆ ತೆರೆಯಲ್ಪಟ್ಟು, ಆಮೇಲೆ 1933ರಲ್ಲಿ ಕೋಡಿ ಬಿದ್ದು 2022ರವರೆಗೆ ಮತ್ತೆ ಬೀಳದ ಮಾರಿಕಣಿವೆಯಂತೆ ಯೋಗ ಕೂಡಿಬರುವುದನ್ನು ಕಾಯುತ್ತ ಕೂರುವುವು. ಹತ್ತರಲ್ಲಿ ಒಂದಾದರೂ ಅಡಿಗೆ ಮನೆಯ ವಾಡಿಕೆಗೆ ಸೇರಿ, ಪುಸ್ತಕ ನೋಡದೆಯೇ ಮಾಡುವಂತಾದರೆ ಆ ಪುಸ್ತಕ ಗೆದ್ದಂತೆ. ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲೆಂಬ ಗಾದೆಯಿದ್ದರೂ, ಬರೆದವಳಿಗೆ ಅದರಲ್ಲಿ ಯಾವ ಸ್ಥಾನವೆಂದು ಹೇಳಿಲ್ಲವಾದ್ದರಿಂದ ಆ ಚರ್ಚೆಯನ್ನು ಇಲ್ಲಿ ಕೈಬಿಟ್ಟಿದೆ.

ಇಷ್ಟು ಕಾಲ ಕಾಯಲಾರದ ಓದುಗರಿಗೆ ಲಘುವಾದ ಉಪಾಯವೊಂದಿದೆ. ಅಂಗಡಿಯಲ್ಲಿ ನಿಂತೇ ಮುದ್ದೆಯ ಪುಟವನ್ನು ತೆಗೆಯಿರಿ. ಹಿಟ್ಟು ಸುರಿದ ಮೇಲೆ ಕೋಲನ್ನು ಆಡಿಸದೆ ಸುಮ್ಮನಿರಬೇಕೆಂದು ಅಲ್ಲಿ ಹೇಳಿದ್ದರೆ ದುಡ್ಡು ಕೊಡಿ, ಇಲ್ಲವಾದರೆ ಪುಸ್ತಕವನ್ನು ಇದ್ದಲ್ಲಿಯೇ ಇಟ್ಟು ಆ ದುಡ್ಡಿಗೆ ಎರಡು ಸೇರು ಹುರುಳಿ ತನ್ನಿರಿ.